ಗುರುವಿಗೆ ಕುಂಕುಮ ಇಟ್ಟವಳು

ನಮ್ಮ ಷೆಡ್ ಸಾಲಿನ ಗುರುದ್ವಾರದಲ್ಲಿ ಈಗ ಗುರುವಿಲ್ಲ. ಇಲ್ಲದ ಹಾಗೆ ಮಾಡಿದವಳು ನಾನು. ಊರಲ್ಲಿ ಯಾರೂ ಅದಕ್ಕೆ ನನ್ನನ್ನು ಬೈದಿಲ್ಲ. "ನೀನೇನು ಬೇಕೂಂತ ಮಾಡಿದ್ಯಾ, ಬಿಡಮ್ಮಾ" ಅನ್ನುತ್ತಾರೆ. ಬೇಕೆಂದೇ ಮಾಡಿದವರಿಗೆ ತಾವು ಮಾಡುತ್ತಿರುವುದು ಏನೆಂದಾದರೂ ಗೊತ್ತಿರುತ್ತದೆ. ನನಗೆ ಅಷ್ಟೂ ಗೊತ್ತಿರಲಿಲ್ಲ.

ನಾನು ಮುಳಬಾಗಿಲಿನವಳು, ಬಟ್ಟೆ ಹೊಲಿದು ಬದುಕುವವಳು. ನನ್ನ ಮೆಷಿನ್ನು ಇರುವ ಜಗಲಿಯಿಂದ ಗುರುದ್ವಾರದ ಬಾಗಿಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನಾನು ನಡೆದಿರುವಷ್ಟು ಸಲ ನಮ್ಮ ಮನೆಯ ಅಡುಗೆಮನೆಗೂ ನಡೆದಿಲ್ಲ.

ಮೊದಲು ಅಲ್ಲಿ ಏನೂ ಇರಲಿಲ್ಲ. ಅದು ನಮ್ಮಪ್ಪನ ಹೊಲದ ಒಂದು ಮೂಲೆ. ಬರೀ ಕಲ್ಲು, ಒಂದು ಹೊಂಗೆ ಮರ. ರಾಗಿ ಬಿತ್ತಿದರೆ ಬಿತ್ತಿದ ಬೀಜವೂ ವಾಪಸು ಬರುವುದಿಲ್ಲ ಎಂದು ಬಿಟ್ಟಿದ್ದ ಜಾಗ. ಆಗ ಆಂಧ್ರಕ್ಕೆ ಹೋಗುವ ಹೆದ್ದಾರಿ ಊರೊಳಗಿಂದಲೇ ಹಾದು ಹೋಗುತ್ತಿತ್ತು. ಬೇಸಿಗೆ ಬಂತೆಂದರೆ ಶ್ರೀನಿವಾಸಪುರದ ಮಾವು ತುಂಬಿಕೊಳ್ಳಲು ಉತ್ತರದ ಕಡೆಯ ಲಾರಿಗಳು ಬರುತ್ತಿದ್ದವು. ಅಂಥದೊಂದು ಲಾರಿಯ ಆಕ್ಸೆಲ್ ನಮ್ಮ ಹೊಂಗೆ ಮರದ ಮುಂದೆ ಮುರಿಯಿತು. ಮಾವು ಬೇರೆ ಲಾರಿ ಹತ್ತಿ ಹೋಯಿತು, ಡ್ರೈವರು ಮಾತ್ರ ಲಾರಿ ಕಾಯುತ್ತಾ ಉಳಿದ. ಕೆಂಪು ಪೇಟ, ಎದೆಯವರೆಗೆ ಗಡ್ಡ. ಮಾಲೀಕ ಸಾಮಾನು ಕಳಿಸುವಷ್ಟರಲ್ಲಿ ಅವರು ಮರದ ಕೆಳಗೆ ಕೂತು ಹತ್ತು ಲಾರಿ ರಿಪೇರಿ ಮಾಡಿ, ನಮ್ಮಮ್ಮನ ಕೈಯ ಮುದ್ದೆ ಉಂಡು, ತೆಲುಗಿನಲ್ಲಿ ಬೈಯುವುದನ್ನೂ ಕಲಿತಿದ್ದರು. ಮುಂದಿನ ವರ್ಷ ಹೆಂಡತಿಯನ್ನು ಕರೆದುಕೊಂಡು ಬಂದೇಬಿಟ್ಟರು. ನಾವು ಮಕ್ಕಳು ಅವರನ್ನು ಸರ್ದಾರ್ ಮಾಮ ಎಂದೆವು. ಹೆಂಡತಿಯನ್ನು ಅವರ ಕಡೆಯ ಡ್ರೈವರುಗಳು ಕರೆಯುವ ಹಾಗೆಯೇ ಬೀಜಿ, ಅಂದರೆ ಅಮ್ಮ, ಎಂದೆವು. ಅವರಿಗೆ ಮಕ್ಕಳಾಗಲಿಲ್ಲ.

ಒಳ್ಳೆಯ ಮೆಕ್ಯಾನಿಕ್ ಇರುವ ಕಡೆ ಲಾರಿ ನಿಲ್ಲುತ್ತದೆ. ಲಾರಿ ನಿಂತ ಕಡೆ ಪಂಕ್ಚರ್ ಅಂಗಡಿ, ವೆಲ್ಡಿಂಗ್ ಷೆಡ್ಡು, ಟೀ ಅಂಗಡಿ, ಲಾರಿಗೆ ಬಣ್ಣ ಬಳಿಯುವವನು, ಎಲ್ಲ ಬಂದು ಕೂರುತ್ತವೆ. ಹಾಗೆ ಆದದ್ದು ನಮ್ಮ ಷೆಡ್ ಸಾಲು. ಪಂಜಾಬಿನ ಡ್ರೈವರುಗಳು, ನಮಗೆ ಕೈಮುಗಿಯಲು ಒಂದು ಜಾಗ ಬೇಕು ಅಂದರು. ಅಪ್ಪ ಮರದ ಪಕ್ಕದ ಜಾಗ ತೋರಿಸಿ, "ಕಟ್ಕೊಳ್ಳಿ, ಅಲ್ಲೇನು ಬಂಗಾರ ಬೆಳೀತಿದ್ದೀನಾ" ಅಂದರು. ಮೊದಲು ತಗಡಿನ ಒಂದು ಕೋಣೆ ಎದ್ದಿತು. ಆಮೇಲೆ ಒಬ್ಬ ಡ್ರೈವರು ರಾಜಸ್ಥಾನದಿಂದ ಹಾಸುಗಲ್ಲು ತಂದ, ಇನ್ನೊಬ್ಬ ಫ್ಯಾನು ತಂದ, ಮತ್ತೊಬ್ಬ ಜರಿಯ ಮೇಲ್ಕಟ್ಟು ತಂದ.

ಅವರಿಗೆ ವಿಗ್ರಹ ಇಲ್ಲ. ಗ್ರಂಥವೇ ಅವರಿಗೆ ಗುರು. ಅದನ್ನು ಪುಸ್ತಕ ಎಂದು ನಾವು ಅಂದರೂ ಅವರು ಅನ್ನುವುದಿಲ್ಲ. ಬೆಳಗ್ಗೆ ಅದನ್ನು ಮಂಚದ ಮೇಲೆ ತೆರೆದು ಓದುತ್ತಾರೆ, ಸಂಜೆ ಬಟ್ಟೆ ಸುತ್ತಿ ಮಲಗಿಸುತ್ತಾರೆ, ಎತ್ತಿಕೊಂಡು ಹೋಗುವಾಗ ತಲೆಯ ಮೇಲೆ ಹೊರುತ್ತಾರೆ. ಆ ಗುರು ನಮ್ಮ ಸಾಲಿಗೆ ಬಂದಾಗ ನನಗೆ ಎಂಟು ವರ್ಷ. ತೊಳೆದು ಹೂವು ಕಟ್ಟಿದ ಲಾರಿಯಲ್ಲಿ ಬಂತು, ಡ್ರೈವರು ಬರಿಗಾಲಲ್ಲಿ ಓಡಿಸಿಕೊಂಡು ಬಂದಿದ್ದ. ನಮ್ಮಮ್ಮ ಮತ್ತು ಸಾಲಿನ ಹೆಂಗಸರು ಆರತಿ ತಟ್ಟೆ ಹಿಡಿದು ರಸ್ತೆಯಲ್ಲೇ ನಿಂತಿದ್ದರು. ಮಾಮ ಒಂದು ಗಳಿಗೆ ನಮ್ಮಮ್ಮನ ಮುಖ ನೋಡಿದರು. ಆಮೇಲೆ ನಗುತ್ತಾ, "ಇಲ್ಲಿ ಕೊಡಮ್ಮಾ, ಒಳಗೆ ಇಡ್ತೀನಿ" ಎಂದು ತಟ್ಟೆಯನ್ನು ತಾವೇ ಇಸಿದುಕೊಂಡರು. ಅದು ಅಡುಗೆಮನೆಗೆ ಹೋಯಿತು. ಆಮೇಲೆ ನಾವು ತಂದ ತೆಂಗಿನಕಾಯಿಗಳೆಲ್ಲ ಅದೇ ದಾರಿ ಹಿಡಿದವು. ಬಾಗಿಲಲ್ಲೇ ಮಾಮನ ಕೈಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಚಟ್ನಿಗೆ. ದೇವರಿಗೆ ಸೇರಿತು ಎಂದುಕೊಂಡು ನಾವು ಮನೆಗೆ ಹೋಗುತ್ತಿದ್ದೆವು.

ಅಲ್ಲಿ ದಿನಾ ಊಟ ಇತ್ತು, ಯಾರು ಬಂದರೂ. ಮಧ್ಯಾಹ್ನ ರೊಟ್ಟಿ, ಬೇಳೆ. ಉಣ್ಣುವ ಮೊದಲು ಡ್ರೈವರುಗಳು ವಾಹೆಗುರು ಎಂದು ದೇವರ ಹೆಸರು ಹೇಳುತ್ತಿದ್ದರು, ನಾವೂ ಹೇಳುತ್ತಿದ್ದೆವು. ಬೀಜಿ ನಮ್ಮಮ್ಮನಿಗೆ ರೊಟ್ಟಿ ಕಲಿಸಿದರು, ನಮ್ಮಮ್ಮ ಬೀಜಿಗೆ ಮುದ್ದೆ ತೊಳಸುವುದನ್ನು ಕಲಿಸಿದಳು. ಆಮೇಲೆ ಪಂಕ್ತಿಯಲ್ಲಿ ಎರಡೂ ಬರಲು ಶುರುವಾಯಿತು. ಪಂಜಾಬಿನ ಡ್ರೈವರು ಮೊದಲ ಸಲ ಮುದ್ದೆ ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಸಿಕೊಳ್ಳುವುದನ್ನು ನೋಡಲು ನಾವು ಮಕ್ಕಳು ಎದುರಿಗೇ ಕೂರುತ್ತಿದ್ದೆವು. "ನುಂಗೋ ಮಾರಾಯಾ, ನುಂಗು!" ಎಂದು ಪಂಕ್ಚರ್ ಅಂಗಡಿಯ ಹುಡುಗ, ನಮ್ಮ ಪಂಕ್ಚರ್ ಭಾಯಿ, ಕೂಗುತ್ತಿದ್ದ.

ನನ್ನ ಮದುವೆ ಎರಡು ವರ್ಷಕ್ಕೆ ಮುರಿಯಿತು, ತವರಿಗೆ ಬಂದೆ. ಊರೆಲ್ಲ ಯಾಕೆ, ಏನು ಎಂದು ಕೇಳಿತು. ಬೀಜಿ ಏನೂ ಕೇಳಲಿಲ್ಲ. ಹಿಟ್ಟಿನ ಬೇಸಿನ್ನು ನನ್ನ ಮುಂದೆ ತಳ್ಳಿ, "ನಾದು" ಅಂದರು. ನಾದಿದೆ. ಅವತ್ತಿನಿಂದ ದಿನಾ ನಾದಿದೆ. ಗ್ರಂಥಕ್ಕೆ ಹೊದಿಸುವ ರುಮಾಲಗಳನ್ನು ಹೊಲಿಯುವ ಕೆಲಸವೂ ನನ್ನದಾಯಿತು. ನನ್ನ ಕೈ ಹೊಲಿಗೆ ಅಂದರೆ ಮಾಮನಿಗೆ ಹೆಮ್ಮೆ.

ಆಮೇಲೆ ಬೈಪಾಸ್ ಬಂತು. ಲಾರಿಗಳು ಊರ ಹೊರಗಿಂದಲೇ ಹೋಗತೊಡಗಿದವು. ಹೋಗುವಾಗ ಒಂದು ಹಾರ್ನ್ ಕೂಡ ಹೊಡೆಯಲಿಲ್ಲ. ವೆಲ್ಡಿಂಗ್ ಷೆಡ್ಡು ಮುಚ್ಚಿತು, ಬಣ್ಣ ಬಳಿಯುವವನು ಬಂಗಾರಪೇಟೆಗೆ ಹೋದ. ಬೀಜಿ ತೀರಿಹೋದರು. ಮೂಟೆಗಟ್ಟಲೆ ಹಿಟ್ಟು ಕಲಸಿದ ಜಾಗದಲ್ಲಿ ಪುಟ್ಟ ಪಾತ್ರೆಯಲ್ಲಿ ಬೇಳೆ ಬೇಯತೊಡಗಿತು. ಉಣ್ಣಲು ಮಾಮ, ನಾನು, ಪಂಕ್ಚರ್ ಭಾಯಿ, ಟೀ ಅಂಗಡಿಯ ಮುದುಕಿ. ಆದರೂ ಮಾಮ ದಿನಾ ಬೆಳಗ್ಗೆ ಸ್ನಾನ ಮಾಡಿ, ಗ್ರಂಥ ತೆರೆದು ಓದುತ್ತಿದ್ದರು. ಕೇಳಲು ಒಬ್ಬರೂ ಇಲ್ಲದಿದ್ದರೂ ಮೈಕಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು.

ಇಷ್ಟು ವರ್ಷದಲ್ಲಿ ಒಂದು ವಿಷಯ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಅಲ್ಲಿ ದೀಪ ಇರಲಿಲ್ಲ. ಟ್ಯೂಬ್‌ಲೈಟು ಇತ್ತು, ಫ್ಯಾನಿತ್ತು, ಒಂದು ಎಣ್ಣೆ ದೀಪ ಇರಲಿಲ್ಲ. ಬೀಜಿ ಹೋದ ಮೇಲೆ, ಗಂಡಸಿನ ಸಂಸಾರ, ಇವರಿಗೆಲ್ಲಿ ಗೊತ್ತಾಗಬೇಕು ಎಂದುಕೊಂಡೆ. ಬೀಜಿ ಇದ್ದಾಗಲೂ ಇರಲಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ, ನೋಡಿ ನನ್ನ ಬುದ್ಧಿ.

ಹೋದ ವರ್ಷ ಮಾಮನ ಹೊಟ್ಟೆಗೆ ಆಪರೇಷನ್ ಆಗಬೇಕಾಯಿತು. ಕೋಲಾರದ ಆಸ್ಪತ್ರೆಗೆ ಪಂಕ್ಚರ್ ಭಾಯಿ ಜೊತೆಗೆ ಹೊರಟ. ಹೊರಡುವ ಬೆಳಗ್ಗೆ ಮಾಮ ಗ್ರಂಥವನ್ನು ಮಲಗಿಸಿ, ನನಗೆ ಬೀಗದ ಕೈ ಕೊಟ್ಟರು.

"ನಾಲ್ಕು ದಿನ ಬೇಟಾ. ಬೆಳಗ್ಗೆ ಬಾಗಿಲು ತೆಗಿ, ಗುಡಿಸು, ಸಂಜೆ ಹಾಕು. ನಿನಗೆ ಎಲ್ಲಾ ಗೊತ್ತಲ್ಲ."

"ನಾನು ನೋಡ್ಕೋತೀನಿ ಮಾಮ, ನೀವು ಆರಾಮಾಗಿ ಹೋಗ್ಬನ್ನಿ" ಅಂದೆ.

ನಾಲ್ಕು ದಿನ ಹತ್ತಾಯಿತು. ಗಾಯ ಕೀವು ಕಟ್ಟಿತು, ಜ್ವರ ಬಿಡಲಿಲ್ಲ. ಭಾಯಿ ಫೋನ್ ಮಾಡಿ, "ಡಾಕ್ಟ್ರು ಏನೂ ಹೇಳೋಕಾಗಲ್ಲ ಅಂತಾವ್ರೆ ಅಕ್ಕಾ" ಎಂದು ಅತ್ತ. ನಮ್ಮಮ್ಮನಿಗೆ ಹೇಳಿದೆ.

"ಆಗದೆ ಇನ್ನೇನು?" ಅಂದಳು ಅಮ್ಮ. "ಓದೋರೂ ಇಲ್ಲ, ದೀಪಾನೂ ಇಲ್ಲ. ದೇವರನ್ನ ಕತ್ತಲಲ್ಲಿ ಕೂಡಿಹಾಕಿ ಆಸ್ಪತ್ರೇಲಿ ಮಲಗಿದ್ರೆ ಗಾಯ ಮಾಯ್ತದಾ? ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು ತಿರುಗ್ತೀಯಲ್ಲ, ಹೆಣ್ಣೆಂಗಸು, ನಿನಗಾದ್ರೂ ಬೇಡ್ವೇನೇ?"

ಮಾರನೆಯ ದಿನ ಶುಕ್ರವಾರ. ತಲೆಗೆ ನೀರು ಹಾಕಿಕೊಂಡು ಕುರುಡುಮಲೆಗೆ ಹೋದೆ. ಗಣಪತಿಗೆ ಕಾಯಿ ಒಡೆಸಿದೆ, ಮಾಮನ ಹೆಸರಲ್ಲಿ ಅರ್ಚನೆ ಮಾಡಿಸಿದೆ. ಅಲ್ಲಿಯ ಕುಂಕುಮ ಪೊಟ್ಟಣ ಕಟ್ಟಿಸಿಕೊಂಡು ಬಂದು, ಸೆರಗು ತಲೆಗೆ ಹೊದ್ದು ಗುರುದ್ವಾರದ ಬಾಗಿಲು ತೆಗೆದೆ. ಹೊಸಿಲಿಗೆ ಅರಿಶಿನ ಬಳಿದೆ, ರಂಗೋಲಿ ಹಾಕಿದೆ. ಮಂಚದ ನಾಲ್ಕು ಕಾಲಿಗೂ ಕುಂಕುಮ ಇಟ್ಟೆ. ಆಮೇಲೆ ಗ್ರಂಥಕ್ಕೆ ಹೊದಿಸಿದ್ದ, ನಾನೇ ಹೊಲಿದ ನೀಲಿ ರುಮಾಲದ ನಡುವೆ, ಹಣೆಗೆ ಇಡುವ ಹಾಗೆ ಒಂದು ಬೊಟ್ಟು ಇಟ್ಟೆ. ಮನೆಯ ಹಿತ್ತಾಳೆ ದೀಪ ತಂದು ಪಕ್ಕದಲ್ಲೇ ಹಚ್ಚಿದೆ. ಏನು ಕಳೆ ಬಂತು ಅಂತೀರಿ ಆ ಕೋಣೆಗೆ! ನಲವತ್ತು ವರ್ಷದಲ್ಲಿ ಮೊದಲ ಸಲ ಅದು ನನಗೆ ದೇವರ ಮನೆಯ ಹಾಗೆ ಕಂಡಿತು. ನಿಂತು ಅತ್ತುಬಿಟ್ಟೆ.

ಶನಿವಾರ ಮಾಮನ ಜ್ವರ ಇಳಿಯಿತು. ಇನ್ನು ನನ್ನನ್ನು ಹಿಡಿಯುವವರುಂಟೇ? ಸಾಲಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ದಿನಾ ದೀಪ, ದಿನಾ ಕುಂಕುಮ. ಟೀ ಅಂಗಡಿಯ ಮುದುಕಿ ಹೂವಿನ ಹಾರ ತಂದಳು, ಅಮ್ಮ ಕರ್ಪೂರ ಕೊಟ್ಟಳು.

ಆಸ್ಪತ್ರೆಯಿಂದ ಮಾಮ ಬೆಂಗಳೂರಿನ ತಮ್ಮವರಿಗೆ ಫೋನ್ ಮಾಡಿಸಿದ್ದರಂತೆ. ನಾನು ಬರುವುದು ತಡವಾಗುತ್ತದೆ, ಯಾರಾದರೂ ಬಂದು ಸ್ವಲ್ಪ ದಿನ ಓದಿ ಅಂತ. ಮೂವರು ಬಂದರು, ಬಿಳಿ ಬಟ್ಟೆ, ನೀಲಿ ಪೇಟ. ನನಗೆ ಸಂಭ್ರಮವೋ ಸಂಭ್ರಮ. ಕಾಫಿಗೆ ಇಡಲು ಅಮ್ಮನಿಗೆ ಕೂಗಿ ಹೇಳಿ, "ಬನ್ನಿ ಸ್ವಾಮಿ, ಬನ್ನಿ, ಎಷ್ಟು ಚೆನ್ನಾಗಿಟ್ಟಿದ್ದೀನಿ ನೋಡಿ" ಎಂದು ಮುಂದೆ ಮುಂದೆ ನಡೆದೆ.

ಅವರು ಕಾಲು ತೊಳೆದು ಒಳಗೆ ಬಂದರು. ಬಂದವರು ಹೊಸಿಲ ಬಳಿಯೇ ನಿಂತರು. ದೀಪದ ಕರಿ ಮೇಲ್ಕಟ್ಟಿಗೆ ಹತ್ತಿತ್ತು. ರುಮಾಲದ ಅಂಚಿಗೆ ಎಣ್ಣೆ ಇಳಿದಿತ್ತು. ಹಿರಿಯರು ಕಣ್ಣು ಮುಚ್ಚಿ ಕೈ ಮುಗಿದರು. ಭಕ್ತಿ ಉಕ್ಕಿ ಬಂತು ಎಂದುಕೊಂಡೆ ನಾನು. ಅವರು ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಕನ್ನಡ ಬರುತ್ತಿದ್ದ ಒಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಅಮ್ಮಾ, ನಿಮ್ಮ ಮನಸ್ಸು ನಮಗೆ ಗೊತ್ತಾಗ್ತದೆ. ಆದರೆ ನಮ್ಮಲ್ಲಿ ಇದು ಯಾವುದೂ ಮಾಡೋ ಹಾಗಿಲ್ಲ. ದೀಪ, ಕುಂಕುಮ, ಕರ್ಪೂರ, ಏನೂ ಇಲ್ಲ. ಸೇವೆ ಮಾಡೋರು ಇಲ್ಲದ ಕಡೆ ಗುರುವನ್ನ ಬಿಡೋಕಾಗಲ್ಲ. ಕರ್ಕೊಂಡು ಹೋಗ್ತೀವಿ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. "ನಲವತ್ತು ವರ್ಷ ಎಲ್ಲಿದ್ರಿ ನೀವು? ಯಜಮಾನ ಮನೇಲಿ ಇಲ್ಲದ ಹೊತ್ತಿಗೆ ದೇವರನ್ನ ಹೊತ್ಕೊಂಡು ಹೋಗ್ತೀರಾ? ಕಳ್ಳರು ಇದಕ್ಕಿಂತ ವಾಸಿ ಕಣ್ರೀ!" ಒಬ್ಬರು ಮುಂದೆ ನೀರು ಚಿಮುಕಿಸುತ್ತಾ ನಡೆದರು, ಹಿರಿಯರು ಬರಿಗಾಲಲ್ಲಿ ಗ್ರಂಥವನ್ನು ತಲೆಯ ಮೇಲೆ ಹೊತ್ತು ಹಿಂದೆ ಹೋದರು. ಕಾಫಿ ಹಿಡಿದುಕೊಂಡು ಬಂದ ಅಮ್ಮ ರಸ್ತೆಯಲ್ಲೇ ನಿಂತುಬಿಟ್ಟಳು.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದಂಗಾಯ್ತಲ್ಲೇ" ಅಂದಳು. ದೀಪ ಹಚ್ಚು ಅಂದವಳೇ ಅವಳು. ಆ ಮಾತಿಗೆ ಎರಡು ದಿನ ಅವಳ ಹತ್ತಿರ ಮಾತು ಬಿಟ್ಟೆ.

ಮಾಮ ಬಂದಾಗ ಅರ್ಧ ಆಗಿದ್ದರು. ಆಟೋ ಇಳಿದು, ಭಾಯಿಯ ಭುಜ ಹಿಡಿದು ಸೀದಾ ಒಳಗೆ ಹೋದರು. ಖಾಲಿ ಮಂಚದ ಮುಂದೆ ಬಹಳ ಹೊತ್ತು ಕೂತರು. ಅವರಿಗೆ ಬೆಂಗಳೂರಿನವರು ಫೋನಿನಲ್ಲಿ ಎಲ್ಲ ಹೇಳಿದ್ದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಬೈಯಲಿ, ಎರಡು ಬಾರಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ದೀಪ ಹಚ್ಚು ಅಂತ ಯಾರು ಹೇಳಿದ್ರು?" ಅಂದರು.

"ಯಾರೂ ಹೇಳ್ಲಿಲ್ಲ ಮಾಮ. ನಾನೇ." ಅಮ್ಮನ ಹೆಸರು ಹೇಳಲಿಲ್ಲ.

"ಹಚ್ಬೇಡ ಅಂತ ನಾನಾದ್ರೂ ಹೇಳಿದ್ನಾ? ಒಂದು ದಿನಾನೂ ಹೇಳ್ಲಿಲ್ಲ. ನಿಮ್ಮಮ್ಮ ಆರತಿ ತಟ್ಟೆ ತಂದ ದಿನಾನೇ ಹೇಳ್ಬೇಕಿತ್ತು. ಅಷ್ಟು ಪ್ರೀತಿಯಿಂದ ತಂದಿದ್ಲು, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಆಮೇಲೆ ಭಯ ಆಯ್ತು. ಇದು ಬೇಡ, ಅದು ಬೇಡ ಅಂತಿದ್ರೆ ನೀವೆಲ್ಲ ಬರೋದು ಬಿಟ್ಬಿಡ್ತೀರಾ ಅಂತ."

ನಲವತ್ತು ವರ್ಷ ನಮ್ಮ ತೆಂಗಿನಕಾಯಿಗಳನ್ನು ಬಾಗಿಲಲ್ಲೇ ಇಸಿದುಕೊಂಡದ್ದು ಯಾಕೆ ಎಂದು ಅವತ್ತು ತಿಳಿಯಿತು. ಆ ಒಳ್ಳೆಯತನವೇ ಅವರಿಗೆ ಮುಳುವಾಯಿತು. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಒಂದು ಸಲ ಗದರಿದ್ದರೆ ಸಾಕಿತ್ತಲ್ಲ ಮಾರಾಯರೇ, ನಾವೇನು ಓಡಿಹೋಗುತ್ತಿದ್ದೆವಾ?

ಗುರು ವಾಪಸು ಬರಬೇಕು, ತಾವು ಅದರ ಮುಂದೆ ಸಾಯಬೇಕು. ಮಾಮನಿಗೆ ಇನ್ನು ಬೇರೆ ಆಸೆ ಉಳಿದಿರಲಿಲ್ಲ. ಬೆಂಗಳೂರಿನವರು, ನಮ್ಮಲ್ಲೇ ಬಂದು ಇರಿ, ಕೋಣೆ ಕೊಡುತ್ತೇವೆ ಅಂದರು. ಬೀಜಿ ಹೋದ ಜಾಗ ಬಿಟ್ಟು ಬರುವುದಿಲ್ಲ ಎಂದರು ಇವರು. ದಿನಾ ಫೋನ್ ಮಾಡಿ ಕೇಳಿದರು, ಬೇಡಿದರು. ಕೂತು ಓದುವಷ್ಟು ಶಕ್ತಿ ಅವರಿಗೆ ಇರಲಿಲ್ಲ. "ಓದೋಕೆ ಒಬ್ಬಳು ಇದ್ದಾಳೆ" ಎಂದುಬಿಟ್ಟರು ಒಂದು ದಿನ. ಯಾರು ಎಂದು ನಾನು ನೋಡಿದರೆ, ನಾನೇ. ಆ ಕನ್ನಡ ಬರುವವರು, ಮೊದಲು ಆಕೆ ಕಲಿಯಲಿ, ಒಂದು ಭಾನುವಾರ ಬಂದು ಕೇಳುತ್ತೇವೆ, ಆಮೇಲೆ ಹಿರಿಯರ ಹತ್ತಿರ ಮಾತಾಡೋಣ ಎಂದರಂತೆ.

ಗ್ರಂಥದ ಗುರುಮುಖಿ ಲಿಪಿ, ಮೂವತ್ತೈದು ಅಕ್ಷರ. ಐವತ್ತರ ಹತ್ತಿರ ಬಂದ ಮೇಲೆ ಅಕ್ಷರ ಕಲಿಯುವುದೆಂದರೆ ಏನೆಂದು ಕಲಿತವರಿಗೇ ಗೊತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆ ಬರೆಯುತ್ತಿದ್ದೆ. ಮಾಮ ಜಗಲಿಯ ಮೇಲೆ ಮಂಚ ಹಾಕಿಸಿಕೊಂಡು ಮಲಗಿಯೇ ತಿದ್ದುತ್ತಿದ್ದರು. ಅಮ್ಮ ಹಾದು ಹೋಗುವಾಗಲೆಲ್ಲ, "ಏನ್ ಕಲೆಕ್ಟರ್ ಆಗ್ತೀಯೇನೇ" ಅನ್ನುತ್ತಿದ್ದಳು. ಜೊತೆಗೆ ಮಾಮ ಈಗ ಎಲ್ಲವನ್ನೂ ಹೇಳತೊಡಗಿದರು. ಇದು ಮಾಡಬಾರದು, ಅದು ಮುಟ್ಟಬಾರದು, ಹೀಗೆ ಕೂರಬಾರದು. ನಲವತ್ತು ವರ್ಷ ಹೇಳದೆ ಇಟ್ಟುಕೊಂಡದ್ದೆಲ್ಲ ಹೇಳಿದರು. ಕೇಳಿ ಕೇಳಿ ನನಗೆ ಕೈಕಾಲು ಆಡಿಸಲೂ ಭಯವಾಗತೊಡಗಿತು. ಎರಡು ತಿಂಗಳಿಗೆ ಮಾಮನ ಚಿಕ್ಕ ಪ್ರಾರ್ಥನೆ ಪುಸ್ತಕದಲ್ಲಿ ತಡವರಿಸಿಕೊಂಡು ಅರ್ಧ ಪುಟ ಓದಿದೆ. ಮಾಮ ಬೆಂಗಳೂರಿಗೆ ಫೋನ್ ಮಾಡಿ ಭಾನುವಾರ ಬನ್ನಿ ಅಂದರು. ಅವರು ಆಗಲಿ ಅಂದರು.

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ರವಿಕೆ ಕತ್ತರಿಸುತ್ತಿದ್ದೆ. ಮಾಮ ಉಸಿರಿಗೆ ಒದ್ದಾಡುವುದು ಕೇಳಿಸಿತು. ಭಾಯಿ ಓಡಿಹೋಗಿ ಡಾಕ್ಟರನ್ನು ಕರೆತಂದ. ಅವರು ನೋಡಿ, "ಕೋಲಾರಕ್ಕೆ ಸಾಗಿಸಿ ಪ್ರಯೋಜನ ಇಲ್ಲ, ದಾರೀಲೇ ಹೋಗ್ತಾರೆ. ಇಲ್ಲೇ ಇರ್ಲಿ" ಅಂದರು. ಬೆಂಗಳೂರಿಗೆ ಫೋನ್ ಮಾಡಿದೆವು. ಈಗಲೇ ಹೊರಟೆವು ಅಂದರು.

ಸಾಲಿನವರು, ಬೈಪಾಸ್ ಆಚೆ ಹೋದ ಹಳಬರು, ಎಲ್ಲ ಬಂದು ಸೇರಿದರು. ಎಲ್ಲರೂ ನನ್ನನ್ನೇ ನೋಡಿದರು. ಏನು ಮಾಡಬೇಕೋ ಅದು ಗೊತ್ತಿರುವವಳು ನಾನೊಬ್ಬಳೇ ಅಲ್ಲವೇ? ಅಮ್ಮ ತುಳಸಿ ನೀರು ತಂದಳು. ಬೇಡ ಅಂದೆ. ತಲೆಯ ಹತ್ತಿರ ದೀಪ ಇಡಲು ಬಂದಳು, ಕಿತ್ತುಕೊಂಡು ಆರಿಸಿದೆ. "ಅಯ್ಯೋ ಪಾಪಿ, ಬಾಯಲ್ಲಿ ಊದಿ ಆರಿಸ್ತಾರೇನೇ!" ಎಂದು ಅಮ್ಮ ಎದೆ ಬಡಿದುಕೊಂಡಳು. ಹೂವು ತಂದವರನ್ನು ವಾಪಸು ಕಳಿಸಿದೆ. ಟೀ ಅಂಗಡಿಯ ಮುದುಕಿ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಲು ಬಾಯಿ ತೆರೆದಳು, ರಟ್ಟೆ ಹಿಡಿದು ಎಬ್ಬಿಸಿದೆ. ಭಾಯಿ ಕಾಲ ಹತ್ತಿರ ಕೂತು ತುಟಿ ಆಡಿಸುತ್ತಿದ್ದ, ಅವನನ್ನೂ ಗದರಿದೆ. "ಯಾರೂ ಏನೂ ಮಾಡ್ಬೇಡಿ, ಯಾರೂ ಏನೂ ಅನ್ಬೇಡಿ. ಅವರು ಬರ್ತಾರೆ, ಅವರೇ ಮಾಡ್ಲಿ. ಒಂದು ಸಲ ಕೆಡಿಸಿದ್ದೀನಿ, ಸಾಕು."

ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೇ. ಅಷ್ಟು ಜನ ಸೇರಿಯೂ ಒಂದು ಮಾತಿಲ್ಲ. ಮಾಮನಿಗೆ ಎಚ್ಚರ ಇತ್ತು. ಕಣ್ಣು ನನ್ನ ಮೇಲೆಯೇ ಇತ್ತು, ತುಟಿ ಅಲ್ಲಾಡುತ್ತಿತ್ತು, ಧ್ವನಿ ಹೊರಡುತ್ತಿರಲಿಲ್ಲ. ಮತ್ತೆ ಏನಾದರೂ ತಪ್ಪು ಮಾಡಿಬಿಟ್ಟೀಯಾ ಎಂದು ಎಚ್ಚರಿಸುತ್ತಿದ್ದಾರೆ ಅಂದುಕೊಂಡೆ. "ಇಲ್ಲ ಮಾಮ, ಯಾರನ್ನೂ ಏನೂ ಮಾಡೋಕೆ ಬಿಡಲ್ಲ" ಅಂದೆ. ಅವರು ತಲೆ ಅಲ್ಲಾಡಿಸಿದರು. ಕಣ್ಣಿಂದ ನೀರು ಇಳಿಯಿತು. ಸಮಾಧಾನವಾಯಿತೇನೋ ಎಂದುಕೊಂಡೆ.

ಬೆಂಗಳೂರಿನವರು ಬಂದಾಗ ಮಾಮ ಹೋಗಿ ಕಾಲು ಗಂಟೆಯಾಗಿತ್ತು. ಕನ್ನಡ ಬರುವವರು ಸುತ್ತ ನೋಡಿ, "ಇಷ್ಟು ಜನ ಇದ್ದೀರಿ, ಯಾರೂ ಏನೂ ಹೇಳ್ತಿಲ್ವಾ?" ಅಂದರು.

"ಇಲ್ಲ ಸ್ವಾಮಿ. ಈ ಸಲ ಏನೂ ಮಾಡೋಕೆ ಬಿಟ್ಟಿಲ್ಲ. ಒಬ್ಬರಿಗೂ ಬಾಯಿ ತೆಗೆಯೋಕೆ ಬಿಟ್ಟಿಲ್ಲ" ಅಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಮಾಮನ ಪಕ್ಕದಲ್ಲಿ ನೆಲದ ಮೇಲೆ ಕೂತರು. "ವಾಹೆಗುರು ಅನ್ನಬಹುದಿತ್ತಮ್ಮಾ" ಅಂದರು. "ಅದಕ್ಕೆ ಗ್ರಂಥ ಬೇಡ, ಅಕ್ಷರ ಬೇಡ. ಯಾರು ಬೇಕಾದರೂ ಅನ್ನಬಹುದು. ಹೋಗೋರು ಕೊನೆಗೆ ಅದೊಂದನ್ನೇ ಕೇಳಬೇಕು ಅಂತಿರ್ತಾರೆ."

ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ನನಗೆ ಆ ಮಾತು ಬರುತ್ತಿತ್ತು. ನಮ್ಮ ಸಾಲಿನಲ್ಲಿ ಅದು ಬಾರದವರು ಒಬ್ಬರೂ ಇರಲಿಲ್ಲ. ಮುದುಕಿ ಅದನ್ನೇ ಹೇಳಲು ಬಗ್ಗಿದ್ದಳು, ಭಾಯಿಯ ತುಟಿಯಲ್ಲೂ ಅದೇ ಇತ್ತು. ಮಾಮ ಅದನ್ನು ಅನ್ನು ಅಂತ ಎರಡು ಗಂಟೆ ಹೊತ್ತು ನನ್ನ ಮುಖ ನೋಡಿದರು. ನಾನು ಪಕ್ಕದಲ್ಲೇ ಕೂತು, ಅವರಿಗೆ ಅದು ಕೇಳಿಸದ ಹಾಗೆ ನೋಡಿಕೊಂಡೆ.